ಮೂಗು ಸುಳ್ಳು ಹೇಳಿರಲಿಲ್ಲ

"ನಾನು ಸುಳ್ಳುಗಾತಿ ಅಲ್ಲ ಅಂತ ಯಾರಾದ್ರೂ ಒಬ್ರು ಹೇಳ್ಬೇಕು ಮೇಡಂ. ನನಗೆ ಬೇಕಾಗಿರೋದು ಅಷ್ಟೇ."

ಕುರ್ಚಿಯ ತುದಿಯಲ್ಲಿ ಕೂತು ಆ ಹೆಂಗಸು ಹೀಗೆ ಹೇಳಿದಳು. ಮಾತು ನಿಲ್ಲಿಸಿದ ಮೇಲೂ ಅವಳ ಬಾಯಿ ಅರ್ಧ ತೆರೆದೇ ಇತ್ತು. ಮೂಗಿನಲ್ಲಿ ಉಸಿರಾಡಲಾಗದವರ ಬಾಯಿ ಹಾಗೇ ಇರುತ್ತದೆ. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು, ತುಟಿ ಒಣಗಿ ಬಿರಿದಿತ್ತು. ಮೈಮೇಲೆ ಶಾಲಾ ಬಸ್ ಓಡಿಸುವವರ ನೀಲಿ ಅಂಗಿ ಇತ್ತು. ಎದೆಯ ಮೇಲಿನ ಬಿಲ್ಲೆಯನ್ನು ಯಾರೋ ಕಿತ್ತುಕೊಂಡಿದ್ದರು. ಪಿನ್ನು ಹರಿದ ತೂತು ಮಾತ್ರ ಉಳಿದಿತ್ತು.

ಅವಳು ಬಂದದ್ದು ನಮ್ಮ ಅತ್ತೆಯನ್ನು ನೋಡಲು. ಅತ್ತೆ ಪೊಲೀಸ್ ಇಲಾಖೆಯ ಅಪರಾಧ ವಿಭಾಗದಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ನಿವೃತ್ತಿ ಎಂಬುದು ಇಲಾಖೆಯ ಮಾತು, ನಮ್ಮ ಬೀದಿಗೆ ಅದು ಗೊತ್ತಿಲ್ಲ. ಸೈಕಲ್ ಕಳುವಾದರೂ, ಗೊತ್ತಾದ ಮದುವೆ ಮುರಿದುಬಿದ್ದರೂ ಜನ ನಮ್ಮ ಮನೆಯ ಗಂಟೆ ಒತ್ತಿ "ಇನ್ಸ್‌ಪೆಕ್ಟರಮ್ಮ ಇದ್ದಾರಾ?" ಅನ್ನುತ್ತಾರೆ. ನಾನು ಸೊಸೆ. ಅವರ ಮಗ ಕೆಲಸದ ಮೇಲೆ ಊರೂರು ಸುತ್ತುವುದರಿಂದ ಮನೆಯಲ್ಲಿ ಹೆಚ್ಚಾಗಿ ನಾವಿಬ್ಬರೇ. ಅತ್ತೆ ಸೊಸೆ ಜಗಳ ಆಡುವುದಿಲ್ಲವಾ ಎಂದು ಕೇಳುವವರಿದ್ದಾರೆ. ಆಡುತ್ತೇವೆ, ಆದರೆ ಇಬ್ಬರೂ ಒಂದೇ ಕಡೆ ನಿಂತು, ಮಿಕ್ಕವರ ಮೇಲೆ.

"ಮೊದಲಿಂದ ಹೇಳಮ್ಮಾ. ಏನನ್ನೂ ಬಿಡ್ಬೇಡ," ಅಂದರು ಅತ್ತೆ.

ಡ್ರೈವರಮ್ಮ ಹೇಳಿದಳು. ಎಷ್ಟೋ ವರ್ಷದಿಂದ ಅವಳಿಗೆ ಮೂಗು ಕಟ್ಟಿರುತ್ತಿತ್ತು. ರಾತ್ರಿ ಮಲಗಿದರೆ ಬಾಯಿ ಒಣಗಿ ಎಚ್ಚರ, ಹಗಲಲ್ಲಿ ತಲೆ ಭಾರ. ಕೊನೆಗೆ ಊರಿನ ದೊಡ್ಡ ಆಸ್ಪತ್ರೆಯ ಮೂಗಿನ ವಿಭಾಗಕ್ಕೆ ಹೋದಳು. ಅಲ್ಲಿ ಒಂದು ಯಂತ್ರವಿದೆ. ಮುಖವಾಡ ಹಾಕಿ ಉಸಿರಾಡಿಸಿದರೆ ಮೂಗಿನೊಳಗೆ ಎಷ್ಟು ಗಾಳಿ ಸಲೀಸಾಗಿ ಹೋಗುತ್ತದೆ ಎಂದು ತೋರಿಸುತ್ತದೆ. ಆ ಅಳತೆಯನ್ನು ಕಂಪ್ಯೂಟರಿಗೆ ಹಾಕಿದರೆ, ಆಪರೇಷನ್ ಮಾಡಿದರೆ ಗುಣವಾಗುತ್ತದೋ ಇಲ್ಲವೋ ಎಂದು ಅದು ಮೊದಲೇ ಭವಿಷ್ಯ ಹೇಳುತ್ತದೆ. ಅವಳಿಗೆ ಬಂದ ಭವಿಷ್ಯ ತುಂಬ ಚೆನ್ನಾಗಿತ್ತಂತೆ. ಒಳಗಿನ ಗೋಡೆ ಸೊಟ್ಟ ಇದೆ, ನೆಟ್ಟಗೆ ಮಾಡಿದರೆ ಸಾಕು ಅಂದರು. ಮಾಡಿಸಿಕೊಂಡಳು. ಗಾಯ ಮಾಯಿತು, ಮೂಗು ಮಾತ್ರ ಮೊದಲಿದ್ದ ಹಾಗೇ.

"ತೋರಿಸೋಕೆ ಹೋದೆ. ಯಂತ್ರ ಪೂರ್ತಿ ಸರಿಹೋಗಿದೆ ಅಂತು. ಮತ್ತೊಂದ್ಸಲ ಹೋದೆ. ಆಗಲೂ ಅದೇ. ದೊಡ್ಡ ಡಾಕ್ಟ್ರು ನನ್ನ ಮುಖ ಕೂಡ ನೋಡದೆ ಹೇಳಿದ್ರು, ನಿನ್ನ ತೊಂದ್ರೆ ಮೂಗಲ್ಲಿಲ್ಲ, ಮನಸ್ಸಲ್ಲಿದೆ ಅಂತ. ಹಾಗೇ ಬರೆದೂ ಕೊಟ್ರು."

"ಬಿಲ್ಲೆ ಯಾಕೆ ಹೋಯ್ತು?"

ಅವಳು ಅಂಗಿಯ ತೂತನ್ನು ಬೆರಳಿನಿಂದ ಮುಟ್ಟಿದಳು. "ಒಂದಿನ ಬಸ್ ತುಂಬ ಮಕ್ಕಳಿದ್ದಾಗ ನನ್ನ ಕಣ್ಣು ಎಳೀತಾ ಬಂತು ಮೇಡಂ. ಜೀವ ಹೋದ ಹಾಗಾಯ್ತು. ಪಕ್ಕಕ್ಕೆ ನಿಲ್ಲಿಸ್ದೆ. ನಾನು ಓಡಿಸಲ್ಲ, ಬೇರೆಯವರನ್ನ ಕಳಿಸಿ ಅಂತ ಡಿಪೋಗೆ ಫೋನ್ ಮಾಡ್ದೆ. ಅದೇ ತಪ್ಪಾಯ್ತು. ಮೂಗು ಸರಿ ಇದೆ ಅಂತ ಆಸ್ಪತ್ರೆಯವರೇ ಬರೆದಿದ್ದಾರೆ, ನೀನು ಮೈಗಳ್ಳಿ, ನಾಟಕ ಆಡ್ತೀಯ ಅಂದ್ರು ಡಿಪೋ ಮುಖ್ಯಸ್ಥರು. ಎಲ್ಲರ ಮುಂದೆ ಬಿಲ್ಲೆ ಕಿತ್ಕೊಂಡ್ರು. ಮುಂದಿನ ವಾರ ಬುಧವಾರ ವಿಚಾರಣೆ. ಕೆಲಸದಿಂದ ತೆಗೀತಾರೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಆಡಿಕೊಳ್ಳುವುದುಂಟು. ಅವತ್ತು ಆ ಮೂಗೂ ಜೋರು ನೆಗಡಿಯಿಂದ ಕಟ್ಟಿಹೋಗಿತ್ತು. ಮಕ್ಕಳ ಜೀವ ಉಳಿಸಿದವಳಿಗೆ ಮೈಗಳ್ಳಿ ಎಂಬ ಪಟ್ಟ! ನಾನು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಕಟ್ಟಿದ ಮೂಗಿನಲ್ಲಿ ಬೈದರೆ ಅರ್ಧ ಅಕ್ಷರ ಒಳಗೇ ಉಳಿಯುತ್ತದೆ. ಅತ್ತೆ ನನ್ನ ಕಡೆ ಕೈ ಎತ್ತಿ ಸುಮ್ಮನಿರಿಸಿ, ಡ್ರೈವರಮ್ಮನ ಕಡೆ ತಿರುಗಿದರು.

"ಆಪರೇಷನ್‌ಗೆ ಮುಂಚೆ ಟೆಸ್ಟ್ ಮಾಡಿದ ದಿನ ಹೇಗಿತ್ತು?"

"ಗುರುವಾರ. ಅವತ್ತು ಎಲ್ಲ ಚೆನ್ನಾಗಿ ನಡೀತು. ಅಲ್ಲೊಬ್ರು ಚಿಕ್ಕ ಡಾಕ್ಟ್ರು ಇದ್ದಾರೆ, ದೇವರಂಥವರು. ಬಸ್ ಓಡಿಸಿ ದಣಿದಿದ್ದೀರ, ಸ್ವಲ್ಪ ಮಲಗಿ ಅಂತ ಮಂಚದ ಮೇಲೆ ಮಲಗಿಸಿ, ಹೊದಿಕೆ ಹೊದಿಸಿ, ಆಮೇಲೆ ಟೆಸ್ಟ್ ಕೋಣೆಗೆ ಕಳಿಸಿದ್ರು. ಇನ್ನೇನು ನಿದ್ದೆ ಹತ್ತೋದಿತ್ತು."

"ಆಪರೇಷನ್ ಆದ್ಮೇಲೆ?"

"ಅವೆರಡೂ ಮಂಗಳವಾರ. ಆ ದಿನದ ಟೆಸ್ಟ್ ಆಪರೇಷನ್ ಆದವರಿಗೆ ಮಾತ್ರ. ಒಂದೇ ಗಲಾಟೆ ಅಲ್ಲಿ. ಲಿಫ್ಟ್ ಇರ್ಲಿಲ್ಲ, ತಡ ಆದ್ರೆ ಚೀಟಿ ಹೋಗತ್ತೆ ಅಂತ ಕೆಳಗಿನವರು ಅವಸರ ಮಾಡ್ತಾರೆ, ಮೇಲೆ ಟೆಸ್ಟ್ ಕೋಣೆ ಅಕ್ಕ ಕೂರೋಕೂ ಬಿಡದೆ ಮುಖವಾಡ ಹಾಕಿದ್ಲು. ಮುಗಿಸಿ ಬಸ್ ಸ್ಟಾಪಿಗೆ ಬಂದು ಕೂತ್ರೆ ಮತ್ತೆ ಮೂಗು ಮುಚ್ಕೊಳ್ತು. ಅಲ್ಲೇ ಅತ್ತುಬಿಟ್ಟೆ."

ಅತ್ತೆ ತಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ನಾಳೆ ಮಂಗಳವಾರ. ನಾವು ಹೋಗಿಬರ್ತೀವಿ. ನೀನು ಮನೆಗೆ ಹೋಗಿ, ನಿದ್ದೆ ಬರ್ಲಿ ಬಿಡ್ಲಿ, ಮಲಗಿರು."

ಅವಳು ಹೋದ ಮೇಲೆ ನಾನು ನನ್ನ ತೀರ್ಪು ಕೊಟ್ಟೆ. "ಆ ಟೆಸ್ಟ್ ಕೋಣೆಯವಳೇ ಯಂತ್ರದಲ್ಲಿ ಏನೋ ಕೈಚಳಕ ಮಾಡಿದಾಳೆ. ದೊಡ್ಡ ಡಾಕ್ಟ್ರು ಮಾಡಿಸಿದಾರೆ."

"ಆಸ್ಪತ್ರೆ ನೋಡೋಕೆ ಮುಂಚೆನೇ ಅಪರಾಧಿ ಸಿಕ್ಬಿಟ್ರಾ? ಇಲಾಖೆಯಲ್ಲಿ ನಿನ್ನಂಥವರು ಬೇಕಾದಷ್ಟು ಜನ ಇದ್ರು," ಅಂದರು ಅತ್ತೆ.

ಆಸ್ಪತ್ರೆಯ ಆ ಭಾಗ ಹಳೆಯ ಕಟ್ಟಡ. ನೆಲಮಹಡಿಯಲ್ಲಿ ಚೀಟಿ ಕೊಡುವ ಕಿಟಕಿ, ಮ್ಯಾನೇಜರ ಕೋಣೆ, ಕ್ಯಾಂಟೀನು. ನಡುವಿನ ಮಹಡಿಗಳಲ್ಲಿ ಹಳೆಯ ಮಂಚ, ಮುರಿದ ಗಾಲಿಕುರ್ಚಿಗಳ ಉಗ್ರಾಣ. ಮೂಗಿನ ವಿಭಾಗ ನಾಲ್ಕನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲ ಮೇಲೆ ದಪ್ಪ ಅಕ್ಷರದ ಹಾಳೆ: 'ಲಿಫ್ಟ್ ಕೆಟ್ಟಿದೆ. ಮೆಟ್ಟಿಲು ಬಳಸಿ.' ನಾಲ್ಕು ಮೂಲೆಗೂ ಚರ್ಮದ ಬಣ್ಣದ ಪ್ಲಾಸ್ಟರ್ ಹಚ್ಚಿತ್ತು.

"ಇದೇನ್ರೀ, ರೋಗಿಗಳು ಬರೋ ಜಾಗದಲ್ಲಿ?" ಎಂದು ನಾನು ಮ್ಯಾನೇಜರ ಬಾಗಿಲಿಗೇ ಹೋಗಿ ಕೇಳಿದೆ.

ಆ ಮನುಷ್ಯ ತಲೆ ಚಚ್ಚಿಕೊಂಡ. "ದೆವ್ವ ಹಿಡಿದ ಲಿಫ್ಟ್ ತಾಯೀ! ಮಂಗಳವಾರ ನಾನು ಕೆಲಸಕ್ಕೆ ಬರೋ ಹೊತ್ತಿಗೆ ಬೋರ್ಡ್ ಬಿದ್ದಿರತ್ತೆ. ಬುಧವಾರ ಕಂಪನಿಯವ್ರು ಬಂದು ನೋಡಿದ್ರೆ ಹೂವಿನ ಹಾಗೆ ಓಡತ್ತೆ. ಏನೂ ಕೆಟ್ಟಿಲ್ಲ, ಸುಮ್ನೆ ಯಾಕೆ ಕರೀತೀರ ಅಂತ ನನ್ನನ್ನೇ ಬಯ್ತಾರೆ."

"ಬೋರ್ಡ್ ಹಾಕೋರು ಯಾರು?" ಅತ್ತೆ ಕೇಳಿದರು.

"ಮೇಲಿನವರು ಯಾರೋ ಹಾಕಿರ್ತಾರೆ. ಆಸ್ಪತ್ರೆ ಅಲ್ವಾ, ಗೋಡೆ ಮೇಲೆ ಹಾಳೆ ಅಂಟಿಸಿದ್ರೆ ಎಲ್ಲರೂ ಅದು ಹೇಳಿದ ಹಾಗೆ ಕೇಳ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಕುಂಟುವವರು, ಮುದುಕರು, ಮೂಗಿಗೆ ಹತ್ತಿ ತುರುಕಿಕೊಂಡವರು ಎಲ್ಲರೂ ಕಂಬಿ ಹಿಡಿದು ಹತ್ತುತ್ತಿದ್ದರು. "ನೀನು ನಡಿ, ನಾನು ನಿಧಾನಕ್ಕೆ ಬರ್ತೀನಿ," ಅಂದರು ಅತ್ತೆ. ನಾನು ಕೋಪದ ಭರದಲ್ಲಿ ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ನಾಲ್ಕನೇ ಮಹಡಿಯಲ್ಲಿ ನಿಂತು, ಲಿಫ್ಟನ್ನೂ ಮ್ಯಾನೇಜರನ್ನೂ ಕಟ್ಟಡ ಕಟ್ಟಿದವರನ್ನೂ ಸೇರಿಸಿ ಗಟ್ಟಿಯಾಗಿ ಬೈಯುತ್ತಿದ್ದಾಗ ಅತ್ತೆ ಪಕ್ಕದಲ್ಲೇ ಬಂದು ನಿಂತಿದ್ದರು. ಅವರಿಗೆ ಏದುಸಿರೂ ಇರಲಿಲ್ಲ. ಈ ವಯಸ್ಸಿನಲ್ಲೂ ಇವರ ಗುಂಡಿಗೆ ಗಟ್ಟಿ ಎಂದುಕೊಂಡೆ.

"ನಿನ್ನ ಬೈಗುಳ ಈಗ ಎಷ್ಟು ಸ್ಪಷ್ಟವಾಗಿ ಕೇಳ್ತಿದೆ ನೋಡು," ಅಂದರು ಅತ್ತೆ. ಛೇಡಿಸುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಾದೆ.

ಟೆಸ್ಟ್ ಕೋಣೆಯ ಅಕ್ಕ ನಾನು ಊಹಿಸಿಕೊಂಡಿದ್ದ ಖಳನಾಯಕಿ ಆಗಿರಲಿಲ್ಲ. ನಡುವಯಸ್ಸಿನ ದಪ್ಪ ಹೆಂಗಸು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದಳು. "ಮಂಗಳವಾರ ಅಂದ್ರೆ ನನಗೆ ನರಕ," ಎಂದು ಕಾಲು ನೀವಿಕೊಂಡಳು. "ಹತ್ತಿ ಬರೋ ಹೊತ್ತಿಗೆ ಕಣ್ಣಲ್ಲಿ ನೀರು ಬರತ್ತೆ. ಅದಕ್ಕೆ ಮಧ್ಯಾಹ್ನ ಊಟಕ್ಕೂ ಇಳಿಯಲ್ಲ." ಯಂತ್ರವನ್ನು ದಿನಾ ಬೆಳಿಗ್ಗೆ ನಾನೇ ಸರಿನೋಡುತ್ತೇನೆ, ಅದರ ಅಳತೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ ಎಂದು ಆಣೆ ಮಾಡಿದಳು.

"ಬಂದವರನ್ನ ಸ್ವಲ್ಪ ಹೊತ್ತು ಕೂರಿಸಲ್ವಾ?" ಅತ್ತೆ ಕೇಳಿದರು.

"ಮಂಗಳವಾರ ಬಂದವರನ್ನ ಬಂದ ಹಾಗೇ ಟೆಸ್ಟ್ ಮಾಡಿ ಕಳಿಸ್ಬೇಕು ಅಂತ ಹೇಳಿದಾರೆ. ಕ್ಯೂ ಬೆಳೆಯತ್ತಂತೆ."

ಅಷ್ಟರಲ್ಲಿ ಆಪರೇಷನ್ ಕಟ್ಟಡದಿಂದ ಬರುವ ಸೇತುವೆಯ ಬಾಗಿಲು ತೆರೆದು ದೊಡ್ಡ ಡಾಕ್ಟರು ಬಂದರು. ಅವರು ಈ ಕಡೆಯ ಮೆಟ್ಟಿಲನ್ನಾಗಲಿ ಲಿಫ್ಟನ್ನಾಗಲಿ ಕಂಡೇ ಇಲ್ಲವಂತೆ. ಅವರ ಕಾರು ನಿಲ್ಲುವುದು, ಅವರು ಮೇಲೇರುವುದು ಎಲ್ಲ ಆ ಕಟ್ಟಡದಲ್ಲೇ. ಡ್ರೈವರಮ್ಮನ ವಿಷಯ ಎತ್ತಿದೊಡನೆ ಮೂಗು ಮುರಿದರು.

"ಯಂತ್ರ ಸರಿ ಅನ್ನತ್ತೆ, ಅವಳು ಸರಿಯಿಲ್ಲ ಅಂತಾಳೆ. ನಾನು ಯಾರನ್ನ ನಂಬ್ಲಿ? ಇಂಥವರು ತುಂಬ ಜನ ಬರ್ತಾರೆ. ಸಮಾಧಾನ ಅನ್ನೋದೇ ಇರಲ್ಲ."

"ತುಂಬ ಜನ ಬರ್ತಾರಾ? ಬಂದಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?" ಎಂದೆ ನಾನು.

ಅವರು ನನ್ನನ್ನು ನೊಣ ನೋಡಿದ ಹಾಗೆ ನೋಡಿ ಹೊರಟುಹೋದರು. ಇನ್ನೊಂದು ಕ್ಷಣ ನಿಂತಿದ್ದರೆ ನಾನು ಏನನ್ನುತ್ತಿದ್ದೆನೋ ಗೊತ್ತಿಲ್ಲ.

ಆಗಲೇ ಚಿಕ್ಕ ಡಾಕ್ಟರು ಬಂದದ್ದು. ಡ್ರೈವರಮ್ಮ ಹೇಳಿದ ಹಾಗೇ ಇದ್ದರು: ಮೃದು ಮಾತು, ನಗುಮುಖ, ಇಸ್ತ್ರಿಯ ಬಿಳಿ ಕೋಟು. ಕೈಯಲ್ಲಿ ತಟ್ಟೆಯ ಮೇಲೆ ಅಂಚಿನವರೆಗೂ ತುಂಬಿದ ಕಾಫಿ ಕಪ್ಪು. ಅತ್ತೆಯ ನರೆತ ತಲೆ ನೋಡಿದ್ದೇ ತಡ, "ಅಯ್ಯೋ, ಈ ಮೆಟ್ಟಿಲು ಹತ್ತಿ ಬಂದ್ರಾ? ಪಾಪ, ತಗೊಳ್ಳಿ ಅಮ್ಮ, ನೀವು ಕುಡೀರಿ," ಎಂದು ತಮ್ಮ ಕಾಫಿಯನ್ನೇ ಕೊಟ್ಟರು. ನನಗೆ ಆ ಕ್ಷಣವೇ ಅವರು ಇಷ್ಟವಾದರು.

ಅತ್ತೆ ತಟ್ಟೆ ನೋಡಿದರು, ಒಂದು ಗುಟುಕು ಕುಡಿದರು. "ಬಾಯಿ ಸುಡ್ತಿದೆ. ಮೇಲೇನೇ ಮಾಡ್ತಾರಾ?"

"ಇಲ್ಲ, ಕೆಳಗಿನ ಕ್ಯಾಂಟೀನಲ್ಲಿ ಮಾತ್ರ."

ಭವಿಷ್ಯ ಹೇಳುವ ಆ ಲೆಕ್ಕ ಅವರದೇ. ಕಂಪ್ಯೂಟರಿನಲ್ಲಿ ತೋರಿಸುವಾಗ ಮಗುವನ್ನು ತೋರಿಸುವ ತಂದೆಯ ಹಾಗೆ ಮುಖ ಅರಳಿತ್ತು. ಯಾರಿಗೆ ಆಪರೇಷನ್ ಫಲಿಸುತ್ತದೆ ಎಂದು ಮೊದಲೇ ಹೇಳುವುದು ವೈದ್ಯರಿಗೆ ಬಹಳ ಕಷ್ಟ, ತನ್ನ ಲೆಕ್ಕ ಹೆಚ್ಚೂಕಮ್ಮಿ ತಪ್ಪಿದ್ದೇ ಇಲ್ಲ, ಇನ್ನು ಕೆಲವೇ ದಿನದಲ್ಲಿ ಬೇರೆ ಆಸ್ಪತ್ರೆಗಳೂ ಇದನ್ನು ಒಪ್ಪಿಕೊಳ್ಳುತ್ತವೆ ಎಂದರು. "ಫಲಿಸಿತು ಅಂತ ಹೇಗೆ ಗೊತ್ತಾಗತ್ತೆ?" ಎಂದು ಅತ್ತೆ ಕೇಳಿದರು. "ಮಂಗಳವಾರದ ಟೆಸ್ಟಿಂದ," ಎಂದು ನಕ್ಕರು. "ಜನರ ಮಾತು ಅಳೆಯೋಕಾಗಲ್ಲ. ಗಾಳಿ ಅಳೀಬಹುದು."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಮೂಗು ಮತ್ತೆ ಕಟ್ಟಿ, ಕರವಸ್ತ್ರ ಹುಡುಕುವ ಹಾಗಾಯಿತು. "ಹಾಗಾದ್ರೆ ಯಂತ್ರ ಸರಿ. ಇವಳೇ ಸುಳ್ಳು ಹೇಳಿರ್ಬೋದಾ ಅತ್ತೇ?" ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

"ಯಂತ್ರವೂ ಸುಳ್ಳು ಹೇಳಿಲ್ಲ, ಅವಳೂ ಹೇಳಿಲ್ಲ. ಟೆಸ್ಟ್ ಕೋಣೆಯವಳೂ ಹೇಳಿಲ್ಲ. ಇಬ್ಬರು ನಿಜ ಹೇಳಿದ್ರೂ ಒಂದಕ್ಕೊಂದು ಹೊಂದ್ತಿಲ್ಲ ಅಂದ್ರೆ, ಮಧ್ಯೆ ಯಾರೋ ಕೂತಿದಾರೆ ಅಂತ ಅರ್ಥ." ಅತ್ತೆ ನನ್ನ ಕರವಸ್ತ್ರವನ್ನೇ ನೋಡುತ್ತ ಹೇಳಿದರು. "ಮೇಲೆ ಇದ್ದಾಗ ಇದು ಬೇಕಾಗಿರ್ಲಿಲ್ಲ ಅಲ್ವಾ ನಿನಗೆ?"

ಮುಂದಿನ ಮಂಗಳವಾರ, ವಿಚಾರಣೆಯ ಹಿಂದಿನ ದಿನ, ಅತ್ತೆ ಎಲ್ಲರನ್ನೂ ಟೆಸ್ಟ್ ಕೋಣೆಗೆ ಸೇರಿಸಿದರು. ದೊಡ್ಡ ಡಾಕ್ಟರಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಿಮ್ಮ ಯಂತ್ರ ಸರಿಯಾಗಿದೆ ಅಂತ ಡಿಪೋದವರ ಮುಂದೆ ತೋರಿಸ್ತೀನಿ, ಬನ್ನಿ." ಬಾರದೇ ಇರುತ್ತಾರೆಯೇ? ಡಿಪೋ ಮುಖ್ಯಸ್ಥ ಗೋಡೆಗೆ ಒರಗಿ, ತನಗೆ ಇಲ್ಲೇನು ಕೆಲಸ ಎಂಬಂತೆ ನಿಂತಿದ್ದ. ಚಿಕ್ಕ ಡಾಕ್ಟರು ಕಿಟಕಿಯ ಹತ್ತಿರ, ಟೆಸ್ಟ್ ಕೋಣೆಯ ಅಕ್ಕ ಯಂತ್ರದ ಹತ್ತಿರ ಇದ್ದರು. ಮ್ಯಾನೇಜರ್ ಕೊನೆಗೆ ಬಂದು ಬಾಗಿಲಲ್ಲೇ ನಿಂತ. ಅವನ ಮುಖ ಬಿಗಿದುಕೊಂಡಿತ್ತು. ಡ್ರೈವರಮ್ಮ ಮೂಲೆಯ ಮಂಚದ ಮೇಲೆ ಮಲಗಿದ್ದಳು. ಎಲ್ಲರಿಗಿಂತ ಮುಂಚೆಯೇ ಅವಳನ್ನು ಕರೆತಂದು ಅಲ್ಲಿ ಮಲಗಿಸಿದ್ದೆವು.

"ಈಗ ಅಳೀರಿ," ಅಂದರು ಅತ್ತೆ.

ಅಕ್ಕ ಮುಖವಾಡ ಹಾಕಿದಳು. ಡ್ರೈವರಮ್ಮ ಉಸಿರೆಳೆದಳು. ಪರದೆಯ ಮೇಲಿನ ಗೆರೆ ಏಳಲಾರದೆ ತೆವಳಿತು. ಅಕ್ಕ ಕಣ್ಣು ಅಗಲಿಸಿ ದೊಡ್ಡ ಡಾಕ್ಟರ ಕಡೆ ನೋಡಿದಳು. "ಸರ್, ಮೂಗು ಕಟ್ಟಿದೆ. ಆಪರೇಷನ್‌ಗೆ ಮುಂಚೆ ಇದ್ದ ಹಾಗೇ ಇದೆ."

"ಮುಖವಾಡ ಸರಿಯಾಗಿ ಕೂತಿಲ್ಲ," ಎಂದರು ದೊಡ್ಡ ಡಾಕ್ಟರು. ತಾವೇ ಬಂದು ಬಿಗಿ ಮಾಡಿ ಮತ್ತೆ ಅಳೆದರು. ಗೆರೆ ಮೊದಲಿನಂತೆಯೇ ಬಂತು.

"ಈಗ ಎದ್ದು ಕೆಳಗಿನವರೆಗೂ ಇಳಿದು, ಅವಸರವಾಗಿ ಹತ್ಕೊಂಡು ಬಾಮ್ಮಾ," ಅಂದರು ಅತ್ತೆ. ನನ್ನನ್ನು ಜೊತೆಗೆ ಕಳಿಸಿದರು. ನಾವಿಬ್ಬರೂ ಓಡಿ ಇಳಿದು ಓಡಿ ಹತ್ತಿ ಬಂದೆವು. ಏದುಸಿರು ಬಿಡುತ್ತಿದ್ದ ಅವಳಿಗೆ ಅಕ್ಕ ಮುಖವಾಡ ಹಾಕಿದಳು. ಗೆರೆ ಪರದೆಯ ನೆತ್ತಿಗೆ ಹಾರಿತು.

ಡಿಪೋ ಮುಖ್ಯಸ್ಥ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಮೈಗೆ ದಣಿವಾದ್ರೆ ಮೂಗಿನ ಒಳಗಿನ ಊತ ಸ್ವಲ್ಪ ಹೊತ್ತು ಇಳಿಯತ್ತೆ, ದಾರಿ ಬಿಡತ್ತೆ. ಮಲಗಿದ್ರೆ ಊತ ಏರತ್ತೆ, ಮುಚ್ಕೊಳ್ಳತ್ತೆ. ಅಲ್ವಾ ಡಾಕ್ಟ್ರೇ?" ಅತ್ತೆ ಕೇಳಿದರು.

"ಅದು... ಹೌದು. ಎಲ್ಲ ಮೂಗಿನ ಡಾಕ್ಟರಿಗೂ ಗೊತ್ತಿರೋ ವಿಷಯ," ಎಂದರು ದೊಡ್ಡ ಡಾಕ್ಟರು. ಅವರ ದನಿ ಇಳಿದಿತ್ತು.

"ನನಗೆ ನನ್ನ ಸೊಸೆಯ ನೆಗಡಿಯಿಂದ ಗೊತ್ತಾಯ್ತು. ಕೆಳಗೆ ಗೊಗ್ಗರು ದನಿ, ಮೇಲೆ ಹತ್ತಿದ ಮೇಲೆ ಗಂಟೆ ಹೊಡೆದ ಹಾಗೆ ಬೈಗುಳ, ಬಸ್ಸಲ್ಲಿ ಕೂತ್ಮೇಲೆ ಮತ್ತೆ ಗೊಗ್ಗರು. ಡ್ರೈವರಮ್ಮ ಹೇಳಿದ್ದೂ ಅದೇ. ಬಸ್ ಸ್ಟಾಪಲ್ಲಿ ಕೂತ ಮೇಲೆ ಮೂಗು ಕಟ್ಟಿತು ಅಂತ. ಅಂದ್ರೆ ಆಪರೇಷನ್‌ಗೆ ಮುಂಚೆ ಮಲಗಿಸಿ ಅಳೆದ್ರು, ಆದ್ಮೇಲೆ ಮೆಟ್ಟಿಲು ಹತ್ತಿಸಿ ಅಳೆದ್ರು. ಮಧ್ಯೆ ಏನೂ ಗುಣ ಆಗದಿದ್ರೂ ಯಂತ್ರದ ಕಣ್ಣಿಗೆ ಗುಣ ಆದ ಹಾಗೇ ಕಾಣತ್ತೆ. ಒಂದು ಮಂಗಳವಾರ ಲಿಫ್ಟ್ ಕೆಟ್ರೆ ಅದು ಆಕಸ್ಮಿಕ ಅನ್ಬಹುದು. ಆಪರೇಷನ್ ಆದವರು ಬರೋ ದಿನವೇ ಕೆಟ್ಟು ಮಾರನೇ ದಿನ ಸರಿಹೋಗೋ ಲಿಫ್ಟ್ ಎಲ್ಲೂ ಇಲ್ಲ. ಹೋದ ವಾರ ನಾನು ಆ ಹಾಳೆ ಪಕ್ಕದ ಗುಂಡಿ ಒತ್ತಿದೆ. ಬಾಗಿಲು ತೆರೀತು, ಆರಾಮಾಗಿ ಮೇಲೆ ಬಂದೆ."

ನಾನು ಹಣೆ ಬಡಿದುಕೊಂಡೆ. ಅವರ ಗುಂಡಿಗೆಯನ್ನು ಮೆಚ್ಚಿಕೊಂಡು ನಿಂತಿದ್ದೆನಲ್ಲ!

"ಹಾಳೆ ಅಂಟಿಸಿದ್ದು ಯಾರು ಅನ್ನೋದು ಉಳೀತು. ಅದರ ಪ್ಲಾಸ್ಟರ್ ಮೂಗಿನ ಗಾಯಕ್ಕೆ ಹಚ್ಚೋದು, ಹಾಗಾಗಿ ಈ ಮಹಡಿಯವರೇ. ದೊಡ್ಡ ಡಾಕ್ಟ್ರು ಬರೋದೂ ಹೋಗೋದೂ ಸೇತುವೆ ಮೇಲೆ, ಈ ಕೆಳಗಿನ ಬಾಗಿಲನ್ನ ನೋಡೇ ಇಲ್ಲ. ಅಕ್ಕ ತಾನೇ ಹಾಕಿದ್ರೆ ಆ ಮೊಣಕಾಲಲ್ಲಿ ಅಳ್ತಾ ಮೆಟ್ಟಿಲು ಹತ್ತೋಳಲ್ಲ. ಮ್ಯಾನೇಜರ್ ಹಾಕಿದ್ರೆ ಪ್ರತಿ ವಾರ ಕಂಪನಿಯವರನ್ನ ಕರೆಸಿ ಬೈಸ್ಕೊಳ್ತಿರ್ಲಿಲ್ಲ." ಅತ್ತೆ ಕಿಟಕಿಯ ಕಡೆ ತಿರುಗಿದರು. "ನೀವು ನನಗೆ ಕಾಫಿ ಕೊಟ್ರಿ ಡಾಕ್ಟ್ರೇ. ಬಾಯಿ ಸುಡೋ ಕಾಫಿ, ಅಂಚಿನವರೆಗೂ ತುಂಬಿತ್ತು, ತಟ್ಟೆಯಲ್ಲಿ ಒಂದು ಹನಿ ಚೆಲ್ಲಿರ್ಲಿಲ್ಲ, ನಿಮಗೆ ಉಸಿರೂ ಏರಿರ್ಲಿಲ್ಲ. ಕ್ಯಾಂಟೀನ್ ಇರೋದು ಕೆಳಗೆ. ಕೆಟ್ಟ ಲಿಫ್ಟಲ್ಲಿ ಹೇಗೆ ಬಂದ್ರಿ?"

ಚಿಕ್ಕ ಡಾಕ್ಟರ ನಗು ಮುಖದ ಮೇಲೇ ಉಳಿದಿತ್ತು, ಇಳಿಸುವುದು ಮರೆತಂತೆ.

"ಮಲಗಿಸಿ ಹೊದಿಕೆ ಹೊದಿಸಿದ್ದೂ ಇವರೇ. ಬಂದ ಹಾಗೇ ಟೆಸ್ಟ್ ಮಾಡಿ, ಕೂರಿಸ್ಬೇಡಿ ಅಂತ ನಿನಗೆ ಹೇಳಿದ್ದು ಯಾರಮ್ಮಾ?"

"ಇವರೇ," ಎಂದಳು ಅಕ್ಕ. "ಜನ ಏದುಸಿರು ಬಿಡ್ತಿದಾರೆ ಸರ್ ಅಂತ ನಾನೂ ಒಂದ್ಸಲ ಹೇಳ್ದೆ. ನಿಮ್ಮ ಕೆಲಸ ನೀವು ನೋಡಿ ಅಂದ್ರು."

"ಮ್ಯಾನೇಜರೇ, ಇವತ್ತು ನಾನು ಹೇಳಿದ ಹಾಗೆ ಬೇಗ ಬಂದು ಕೋಣೆಯಲ್ಲಿ ದೀಪ ಹಾಕದೆ ಕೂತಿದ್ರಲ್ಲ. ಏನು ನೋಡಿದ್ರಿ?"

ಮ್ಯಾನೇಜರ್ ಬೆರಳು ತೋರಿಸಿದ. "ಈ ಪುಣ್ಯಾತ್ಮ ಕೋಟಿನ ಜೇಬಿಂದ ಹಾಳೆ ತೆಗೆದ, ಅಂಟಿಸಿದ, ಆಮೇಲೆ ಅದೇ ಲಿಫ್ಟ್ ಹತ್ತಿ ಮೇಲೆ ಹೋದ. ನನ್ನ ಕೈಲಿ ಎಷ್ಟು ಬೈಗುಳ ತಿನ್ನಿಸಿದ್ಯಪ್ಪಾ!"

"ಮೆಟ್ಟಿಲು ಹತ್ತಿಸೋದು ಅಪರಾಧವಾ?" ಎಂದರು ಚಿಕ್ಕ ಡಾಕ್ಟರು. ದನಿ ಈಗಲೂ ಮೃದುವಾಗಿಯೇ ಇತ್ತು, ಅದೇ ನನಗೆ ಸಹಿಸಲಾಗಲಿಲ್ಲ. "ನಾನು ಯಾರಿಗೂ ಕೆಟ್ಟದ್ದು ಬಯಸಿಲ್ಲ. ನನ್ನ ಲೆಕ್ಕ ಸರಿ ಇದೆ. ಮೊದಮೊದಲು ಹೇಳಿದ್ದಕ್ಕಿಂತ ಫಲ ಸ್ವಲ್ಪ ಕಮ್ಮಿ ಬೀಳ್ತಿತ್ತು, ಅಷ್ಟೇ. ಇನ್ನಷ್ಟು ರೋಗಿಗಳು ಬಂದಿದ್ರೆ ತಾನಾಗೇ ಸರಿಹೋಗ್ತಿತ್ತು. ಅಲ್ಲಿವರೆಗೆ ಜನ ನಂಬಬೇಕಲ್ಲ!"

"ನೀವು ಭವಿಷ್ಯ ಹೇಳ್ಲಿಲ್ಲ. ಹೇಳಿದ್ದು ನಿಜ ಆಗೋ ಹಾಗೆ ಕೈಯಾರೆ ಮಾಡಿದ್ರಿ," ಅಂದರು ಅತ್ತೆ. ಇಷ್ಟು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ, ಅವತ್ತು ಕೇಳಿದೆ. "ನಿಮ್ಮ ಲೆಕ್ಕ ಸರಿ ಕಾಣ್ಬೇಕು ಅಂತ ಮೂಗು ಕೊಯ್ಸಿಕೊಂಡವರು ಸುಳ್ಳರಾದ್ರು! ಈ ಹೆಂಗಸು ಮಕ್ಕಳನ್ನ ಕಾಪಾಡಿದ್ದಕ್ಕೆ ಮೈಗಳ್ಳಿ ಅನ್ನಿಸ್ಕೊಂಡ್ಲು. ಮಲಗಿ ಪಾಪ ಅಂತ ಹೊದಿಕೆ ಹೊದಿಸೋವಾಗ ಅವಳ ಮುಖ ನೋಡಿದ್ರಾ ನೀವು?"

ಅವರು ಕಿಟಕಿಯ ಹೊರಗೆ ನೋಡಿದರು.

ದೊಡ್ಡ ಡಾಕ್ಟರು ಯಂತ್ರದ ಪರದೆಯನ್ನೇ ನೋಡುತ್ತಿದ್ದರು. "ಆಪರೇಷನ್‌ಗೆ ಮುಂಚೆ ಇವರಿಗೆ ಊತ ಇಳಿಸೋ ಔಷಧ ಸಿಂಪಡಿಸಿ ಅಳೆದಿದ್ರಾ?" ಎಂದು ಅಕ್ಕನನ್ನು ಕೇಳಿದರು.

"ಇಲ್ಲ ಸರ್. ಮುಂಚೆ ಎಲ್ಲರಿಗೂ ಮಾಡ್ತಿದ್ವಿ. ಈ ಲೆಕ್ಕಕ್ಕೆ ಅದು ಬೇಡ ಅಂತ ಚಿಕ್ಕ ಡಾಕ್ಟ್ರು ನಿಲ್ಲಿಸಿದ್ರು."

"ಮಾಡಿದ್ರೆ ಗೊತ್ತಾಗ್ತಿತ್ತು," ಎಂದರು ಅವರು. ಯಾರಿಗೆ ಹೇಳುತ್ತಿದ್ದರೋ. "ಔಷಧಕ್ಕೆ ಮೂಗು ಬಿಟ್ಕೊಂಡ್ರೆ ತೊಂದರೆ ಊತದ್ದು, ಗೋಡೆಯದಲ್ಲ. ಗೋಡೆ ನೆಟ್ಟಗೆ ಮಾಡಿ ಪ್ರಯೋಜನ ಇಲ್ಲ. ಇವರಿಗೆ ಈ ಆಪರೇಷನ್ ಬೇಕಾಗೇ ಇರ್ಲಿಲ್ಲ."

"ಅದನ್ನ ನಿಲ್ಲಿಸಿದಾಗ ನೀವೆಲ್ಲಿದ್ರಿ?" ನನಗೆ ತಡೆಯಲಾಗಲಿಲ್ಲ. "ಅವರು ಹಾಳೆ ಅಂಟಿಸಿದ್ರು, ಸರಿ. ಮನಸ್ಸಿನ ಕಾಯಿಲೆ ಅಂತ ಬರೆದ ಕೈ ಯಾರದು?"

ಅವರು ತಲೆ ತಗ್ಗಿಸಿದರು. ತಮ್ಮದೇ ಎಂದು ಒಪ್ಪಿಕೊಂಡರು. ಚಿಕ್ಕ ಡಾಕ್ಟರಿಗೆ ಬಾಗಿಲು ತೋರಿಸಿ, ಇನ್ನು ಈ ಮಹಡಿಯಲ್ಲಿ ಕಾಲಿಡಬಾರದು, ಮೇಲಿನವರ ಮುಂದೆ ಉತ್ತರ ಕೊಡಲು ಸಿದ್ಧವಾಗಿರಬೇಕು ಎಂದರು. ಮ್ಯಾನೇಜರ್ ಅವರನ್ನು ತೋಳು ಹಿಡಿದು ಕರೆದೊಯ್ದ.

ಡಿಪೋ ಮುಖ್ಯಸ್ಥ ಗಂಟಲು ಸರಿಮಾಡಿಕೊಂಡು ಡ್ರೈವರಮ್ಮನ ಮುಂದೆ ಬಂದ. "ನಾಳೆ ವಿಚಾರಣೆ ಬೇಡ ಬಿಡಿ. ಬಿಲ್ಲೆ ಕಳಿಸಿಕೊಡ್ತೀನಿ."

"ಬೇಕು ಸರ್," ಅಂದಳು ಅವಳು. "ಎಲ್ಲರ ಮುಂದೆ ಕಿತ್ಕೊಂಡ್ರಿ, ಎಲ್ಲರ ಮುಂದೆ ಕೊಡಿ. ಆದ್ರೆ ಒಂದು ಮಾತು, ನಿದ್ದೆ ಸರಿಹೋಗೋವರೆಗೂ ನಾನು ಮಕ್ಕಳ ಬಸ್ ಮುಟ್ಟಲ್ಲ. ಅಲ್ಲಿವರೆಗೆ ಡಿಪೋದಲ್ಲೇ ಏನಾದ್ರೂ ಕೆಲಸ ಕೊಡಿ." ಅವನು ಆಗಲಿ ಆಗಲಿ ಎಂದು ತಲೆಯಾಡಿಸಿದ.

ದೊಡ್ಡ ಡಾಕ್ಟರು ಕೈ ಮುಗಿದರು. ಔಷಧ ಕೊಡುತ್ತೇನೆ, ನಾನೇ ನೋಡಿಕೊಳ್ಳುತ್ತೇನೆ, ಬರೆದದ್ದನ್ನು ಹರಿದು ಹೊಸದಾಗಿ ಬರೆದುಕೊಡುತ್ತೇನೆ ಎಂದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನನ್ನದು ಆಯ್ತು," ಅಂದಳು. "ಮನಸ್ಸಿನ ಕಾಯಿಲೆ ಅಂತ ಹೇಳಿ ಇನ್ನೂ ಎಷ್ಟು ಜನರನ್ನ ಕಳಿಸಿದೀರ?"

ಅತ್ತೆ ಮೇಜಿನ ಮೇಲಿನ ಫೋನನ್ನು ದೊಡ್ಡ ಡಾಕ್ಟರ ಮುಂದಕ್ಕೆ ಸರಿಸಿದರು. ಅಕ್ಕ ಕಂಪ್ಯೂಟರಿನಲ್ಲಿ ಹುಡುಕಿ ಒಂದು ನಂಬರು ಓದಿದಳು. ಒಬ್ಬ ಬಡಗಿಯ ಮನೆಯದು. ಡ್ರೈವರಮ್ಮ ಹೋಗಲಿಲ್ಲ, ಮೇಜಿನ ಪಕ್ಕದಲ್ಲೇ ಕೂತಳು. ಎಲ್ಲರಿಗೂ ಕೇಳುವ ಹಾಗೆ ಫೋನ್ ಇಡಿಸಿದಳು.

ಎತ್ತಿದ್ದು ಬಡಗಿಯ ಹೆಂಡತಿ. ಆಸ್ಪತ್ರೆಯಿಂದ ಎಂದ ಕೂಡಲೇ ಅವಳ ದನಿ ಗಡುಸಾಯಿತು. "ಮೂಗಿನ ಮಾತು ಈ ಮನೇಲಿ ಆಡೋದು ಬಿಟ್ಟು ಬಹಳ ದಿನ ಆಯ್ತು. ಅವರಿಗೆ ಏನೂ ಇಲ್ಲ ಅಂತ ನೀವೇ ಹೇಳಿದ್ರಲ್ಲ. ನಾನೂ ಬೈದು ಬೈದು ಸಾಕಾಗಿ ಸುಮ್ಮನಾಗಿದೀನಿ. ಅವರೂ ಈಗ ಏನೂ ಹೇಳಲ್ಲ."

ದೊಡ್ಡ ಡಾಕ್ಟರು ಫೋನಿನ ಹತ್ತಿರ ಬಾಗಿ, ತುಟಿಯಲ್ಲೇ ಅನ್ನುವಷ್ಟು ಮೆಲ್ಲಗೆ ಹೇಳಿದರು, "ನಮ್ಮದು ತಪ್ಪಾಗಿದೆ ಅಮ್ಮಾ. ನಿಮ್ಮ ಯಜಮಾನರು ಹೇಳಿದ್ದು ನಿಜ."

ಆ ಕಡೆಯಿಂದ ಅವಳು ಕೇಳಿದಳು, "ಏನಂದ್ರಿ?"

"ಗಟ್ಟಿಯಾಗಿ ಹೇಳಿ ಡಾಕ್ಟ್ರೇ," ಅಂದಳು ಡ್ರೈವರಮ್ಮ. "ಆಯಪ್ಪ ಒಳಗಿನ ಕೋಣೇಲಿ ಇರ್ಬಹುದು. ಅವನಿಗೂ ಕೇಳಿಸ್ಬೇಕು."

ಅವರು ಗಟ್ಟಿಯಾಗಿ ಹೇಳಿದರು.